ಮೂಲಿಯಿಂದ ಮೂಲಿಗೆ

ಜಮಖಂಡಿ ತಹಶೀಲ್ದಾರ ಕಚೇರಿ ಎದುರು ನಮ್ಮ ಝೆರಾಕ್ಸ್ ಅಂಗಡಿ.
ಮಷಿನ್ನು ಬಿಸಿಯಾಗೂದರೊಳಗ
ನನ್ನದೊಂದು ಚಿತ್ರ ಮುಗದಿರತೈತಿ
ಮೊಬೈಲಿನ ಮ್ಯಾಲೆ, ತೋರಬೆರಳಿಲೆ.

ಹೋದ ವರ್ಷ ಪಾವಟಿಗಿ ಮ್ಯಾಲೆ ಬಿದ್ದು
ಗಾಜಿಗೆ ಮೂಲಿಯಿಂದ ಮೂಲಿಗೆ ಬಿರುಕು.
ಅಲ್ಲಿಂದನ ಶುರು ಎಲ್ಲಾ.

ಒಮ್ಮೆ ಅದು ಗಾಳಿಪಟದ ದಾರ.
ಒಮ್ಮೆ ಸರ್ವೇಯರ್ ಗುರಪಾದಪ್ಪನ ಬಲಮೀಸಿ;
ಎಡಮೀಸಿ ನಾನ ಬರದೆ,
ಅಷ್ಟು ಚಲೋ ಬರಲಿಲ್ಲ.
ಕಬ್ಬಿನ ಟ್ರ್ಯಾಕ್ಟರು ಅಂಗಡಿ ನಡುಗಿಸಿ ಹಾದ ದಿನ
ಬಿರುಕಿನ ಮ್ಯಾಲೆ ಒಂದು ಇರುವಿ ಏರಿಸಿದೆ,
ಬೆನ್ನಿಗೆ ಹತ್ತು ಟನ್ ಕಬ್ಬು, ಬಾಯಾಗ ಬೀಡಿ.
ಯಾಕಂತ ಕೇಳಬ್ಯಾಡ್ರಿ. ಹಂಗ ಅನಿಸ್ತು.

"ಉತಾರಿ ಎರಡು ಕಾಪಿ ಕೊಡವ್ವಾ" ಅಂದ್ರು ಯಾರೋ.
ಕೊಟ್ಟೆ. ನೀಲಿ ಹೆಬ್ಬೆಟ್ಟು
ಕರ್ರಗಾಗಿ ಹೊರಗ ಬಿತ್ತು, ಎರಡು ಸಲ.
ಇರುವಿ ಅಲ್ಲೇ ಕಾಯ್ಕೊಂತ ನಿಂತಿತ್ತು.

ನಿನ್ನೆ ನಮ್ಮಣ್ಣ ದಸ್ತಗೀರನ ಅಂಗಡಿಗೆ ಒಯ್ದು
ಹೊಸಾ ಗಾಜು ಹಾಕಿಸಿ ತಂದ, ಹದಿನಾಲ್ಕುನೂರು.
"ನೋಡು, ಕನ್ನಡಿ ಆದಂಗಾತು" ಅಂದ.
ಖರೇನ. ನನ್ನ ಮಾರಿ ಕಾಣ್ತು.

ಬೆರಳಿಟ್ಟೆ.
ಎಲ್ಲಿಂದ ಹಿಡೀಲಿ?
ಬೆಳ್ಳನ ಹಾಳಿ ಬೆಳ್ಳಗ ಉಳೀತು,
ಮಷಿನ್ನು ಬಿಸಿಯಾಗಿ ಕೂಗ್ತು,
ಗಿರಾಕಿ ಬಂದ್ರು, ಹೋದ್ರು,
ಚಾ ಆರ್ತು.

ಕಡೀಕ ನಾನ ಒಂದು ಗೆರಿ ಎಳದೆ
ಮೂಲಿಯಿಂದ ಮೂಲಿಗೆ, ಸೊಟ್ಟ.
ಬೇಕಾದಷ್ಟು ಸೊಟ್ಟ ಬರಲಿಲ್ಲ. ಅಳಿಸಿದೆ.
ಮತ್ತ ಎಳದೆ, ಕಣ್ಣು ಮುಚ್ಚಿ,
ಕೈಯಾಗಿಂದ ಏನೋ ಜಾರಿ ಬಿದ್ದಂಗ.

ಮ್ಯಾಲೆ ಇರುವಿನ್ನ ಕೂಡಿಸಿದೆ.
ಏರಿತು. ಜಾರಿತು. ಕಬ್ಬೆಲ್ಲಾ ಚೆಲ್ಲಿತು.
ಬೀಡಿ ಮಾತ್ರ ಬಿಡಲಿಲ್ಲ.