ಹನ್ನೊಂದು ಸೆಕೆಂಡು

ಏರ್ ಪಟ್ಟಣದಿಂದ ಗರ್ವನ್‌ಗೆ ಕಡೇ ಬಸ್ಸು.
ಕಿಟಕಿಯಾಚೆ ಕಡಲಿದೆ ಅಂತ ಗೊತ್ತು, ಕಾಣುವುದು ನಮ್ಮ ಮುಖಗಳೇ.
ಸಿನಿಮಾ ಟಿಕೆಟ್ಟು ಇನ್ನೂ ಕೈಯಲ್ಲಿದೆ, ಇಶ್ಬೆಲ್,
ಮಡಿಸಿ ಮಡಿಸಿ ಬಟಾಣಿಯಷ್ಟು ಮಾಡಿಬಿಟ್ಟಿದ್ದೇನೆ.

ನಾನು ಬಂದದ್ದು ನೋಡಿದೆಯಾ?
ನೀನಾಗ ಪೆಪ್ಪರ್‌ಮಿಂಟಿನ ಕಾಗದ ಬಿಚ್ಚುತ್ತಿದ್ದೆ.
ಹನ್ನೊಂದು ಸೆಕೆಂಡು. ಮನಸ್ಸಿನಲ್ಲೇ ಎಣಿಸಿದೆ.
ತೆಳ್ಳನೆಯ ಹುಡುಗಿ, ಎದೆಮಟ್ಟ ಟವೆಲ್ಲಿನ ರಾಶಿ,
ಅರೆ ತೆರೆದ ಬಾಗಿಲು, ಅವಳ ಕಣ್ಣು ಅರಳುತ್ತದೆ,
ಅಷ್ಟೇ.
ಕೊನೆಗೆ ಹೆಸರುಗಳು ಹರಿಯುವಾಗ ಎಲ್ಲರೂ ಕೋಟು ಹುಡುಕುತ್ತಿದ್ದರು,
ನಾನು ಕೂತೇ ಇದ್ದೆ. ಕಾರು ತೊಳೆದವನ ಹೆಸರಿತ್ತು,
ಊಟ ತಂದವರದಿತ್ತು.
ನನ್ನದು: 'ಕೋಣೆ ಕೆಲಸದವಳು'.

ಮಂತ್ರಿ ಎಷ್ಟು ಎತ್ತರ, ಅಲ್ಲವೇನೇ? ಎಂಥ ಹುಬ್ಬು!
ನಿಜದವನು ನನ್ನ ಭುಜಕ್ಕೆ ಬರುತ್ತಿದ್ದ.
ಸದಾ ನೆಗಡಿ. ದಿಂಬಿನಡಿಯಲ್ಲಿ ಕರವಸ್ತ್ರ.
ಮೋಹದ ಕಥೆಯಲ್ಲಿ ಮೂಗಿಗೆ ಜಾಗವೆಲ್ಲಿ.
ಡೋರೀನ್ ಪ್ಯಾಸ್ಕೋಗೆ ರೇಷ್ಮೆಯ ನಿಲುವಂಗಿ ತೊಡಿಸಿದ್ದಾರೆ,
ಆ ಚಳಿಯಲ್ಲಿ ಅವಳು ಮೇಲುಕೋಟಿನಲ್ಲೇ ಇರುತ್ತಿದ್ದಳು.

ಅದೆಲ್ಲ ಹೋಗಲಿ. ದೀಪ, ಇಶ್ಬೆಲ್, ದೀಪ!
ಆ ಕೋಣೆ ಹೇಗೆ ಝಗಝಗಿಸುತ್ತಿತ್ತು.
ಎಪ್ಪತ್ತೆರಡರ ಫೆಬ್ರವರಿ. ನಿನಗಾಗ ಒಂಬತ್ತು.
ಅಪ್ಪ ಡೇಲಿಯ ಗಣಿಯ ಬಾಗಿಲಲ್ಲಿ
ಬೆಂಕಿಯ ಡಬ್ಬಕ್ಕೆ ಕೈ ಕಾಯಿಸುತ್ತ ಮುಷ್ಕರ ನಿಂತಿದ್ದ.
ಅವನಂಥವರು ಇಲ್ಲಿ ಕಲ್ಲಿದ್ದಲು ತಡೆದರು,
ಅಲ್ಲಿ ಲಂಡನ್ನಿನಲ್ಲಿ ಬೀದಿ ಬೀದಿಗೆ ಸರದಿ ಕತ್ತಲು.
ನಮ್ಮ ಹೋಟೆಲಿಗೆ ಆರರಿಂದ ಒಂಬತ್ತು.
ಮೂರನೇ ಮಹಡಿಗೆಲ್ಲ ಒಂದೇ ಮೇಣದ ಬತ್ತಿ,
ತಟ್ಟೆಗೆ ಅಂಟದೆ ವಾಲಿಕೊಂಡದ್ದು,
ಬಾಗಿಲು ತಳ್ಳಿದ ಗಾಳಿಗೆ ಆರಿತು.
ನಾನು ನೋಡಿದ್ದು ಕತ್ತಲು.
ಕತ್ತಲಲ್ಲಿ ಒಬ್ಬಳು
ಅಳು ನಿಲ್ಲಿಸಿದ ಸದ್ದು.

ಕೋರ್ಟಿನಲ್ಲಿ ಹೇಳಿದ್ದು ಬೇರೆ.
ಲಕೋಟೆ ಒಡೆದು ನೋಟು ಎಣಿಸುತ್ತಿದ್ದಳು,
ನಗುತ್ತಿದ್ದಳು, ಕಣ್ಣಾರೆ ಕಂಡೆ ಅಂದೆ.
ಬೂದು ಕೋಟಿನವನು ಎರಡು ಸಲ ಚಹಾ ಕೊಡಿಸಿ
ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದ,
ತಪ್ಪಿದಲ್ಲಿ ಮೆಲ್ಲಗೆ ತಿದ್ದಿ.
ಅಪ್ಪನ ಹೆಸರು ಅವನಿಗೆ ಗೊತ್ತಿತ್ತು. ಗಣಿಯದೂ.
ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ;
ಕಾಣದ್ದಕ್ಕೇ ನಾನು ಪ್ರಮಾಣ ಮಾಡಿದೆ.
ದೀಪ ಇತ್ತೇನಮ್ಮ ಅಂತ ಯಾರೂ ಕೇಳಲಿಲ್ಲ.
ಅವಳ ವಕೀಲನೂ ಆ ವಾರ
ಮೇಣದ ಬತ್ತಿಯಲ್ಲೇ ಉಂಡಿರಬೇಕು,
ಕೇಳಲಿಲ್ಲ.

ಹೆದರಿಸಿ ಹಣ ಕಿತ್ತಳೆಂದು ಅವಳಿಗೆ ಎರಡು ವರ್ಷ ಜೈಲು.
ಅವನಿಗೆ ರಾಜೀನಾಮೆ, ಗುಲಾಬಿ ತೋಟ,
ಆಮೇಲೊಂದು ದಿನ ಪತ್ರಿಕೆಯಲ್ಲಿ ಮರ್ಯಾದೆಯ ಸಾವು.

ಸಿನಿಮಾದವರು ಒಳ್ಳೆಯವರು ಪಾಪ, ಅವಳ ಪಕ್ಷದವರು.
ಅಳುವುದಕ್ಕೆ ಕಿಟಕಿ ಕೊಟ್ಟಿದ್ದಾರೆ, ಪಿಟೀಲು ಕೊಟ್ಟಿದ್ದಾರೆ.
ಆದರೂ ಅವಳ ಕೈಯಲ್ಲಿ ಲಕೋಟೆ ಒಡೆಸಿಬಿಟ್ಟರು.
ಕಡತದಲ್ಲಿತ್ತಲ್ಲ.
ಕಡತದಲ್ಲಿ ನಾನಿದ್ದೆನಲ್ಲ.
'ನೈಜ ಘಟನೆ ಆಧಾರಿತ' ಅಂತ ಬಿಳಿಯಕ್ಷರ ಮೂಡಿದಾಗ
ಪಕ್ಕದ ಹೆಂಗಸು ನಿಟ್ಟುಸಿರು ಬಿಟ್ಟಳು.
ಅಂದು ನನ್ನ ಸುಳ್ಳಿಗೆ ಇಲ್ಲದ ದೀಪವನ್ನು
ಐವತ್ತು ವರ್ಷದ ಮೇಲೆ ತಂದು ಹಚ್ಚಿಕೊಟ್ಟಿದ್ದಾರೆ.
ಎಷ್ಟು ಚೆಂದ ಬೆಳಗುತ್ತದೆ, ನೋಡು,
ಅವಳ ಬೆರಳ ಉಗುರೂ ಕಾಣುವಂತೆ.

ನಿದ್ದೆ ಬಂತೇನೇ? ಬರಲಿ.
ಅವಳು ಬದುಕಿದ್ದಾಳೋ ಏನೋ. ಇದ್ದರೆ
ಯಾವುದೋ ಊರಿನ ಕೊನೇ ಸಾಲಿನಲ್ಲಿ ಕೂತು
ಆ ದೀಪಕ್ಕೆ ಬೆಚ್ಚಿರುತ್ತಾಳೆ.

ಊರು ದಾಟಿತು. ಡ್ರೈವರು ಒಳಗಿನ ಬೆಳಕು ಆರಿಸಿದ,
ದಾರಿ ಕಾಣಲೆಂದು. ನಮ್ಮ ಮುಖಗಳು ಗಾಜಿನಿಂದ ಹೋದವು,
ನೀರು ಬಂತು, ನೀರಿನ ಮೇಲೊಂದು ಬಂಡೆ.

ನಾವಿಬ್ಬರೂ ಆಡಿದ್ದು ಎರಡೇ ಮಾತು.
ಕರೆಂಟು ಯಾವಾಗ ಬರುತ್ತೆ, ಅಂದಳು.
ಒಂಬತ್ತಕ್ಕೆ, ಅಂದೆ,
ಬಾಗಿಲು ಎಳೆದುಕೊಂಡೆ.