ಬಿಟ್ಟುಹೋದ ಎರಡು ಕತ್ತಿ

ಬೋರಾ ಗಾಳಿ ಎದ್ದ ದಿನ ತ್ರಿಯೆಸ್ತೆಯ ಇಳಿಜಾರು ಬೀದಿಗಳಿಗೆ
ಹಗ್ಗ ಕಟ್ಟುತ್ತಿದ್ದರು.
ಹಿಡಿದು ನಡೆಯಬೇಕು; ಇಲ್ಲವೋ
ಟೋಪಿಯ ಹಿಂದೆಯೇ ತಲೆಯೂ ಹೊರಟೀತು ಕಡಲಿಗೆ.
ಆ ಹಗ್ಗ ಹಿಡಿದೇ ಬರುತ್ತಿದ್ದಳು ನೆರೀನಾ,
ಗುರುವಾರ, ಗಡಿಯಾರ ಮೂರು ಹೊಡೆಯುವಾಗ,
ಎಪ್ಪತ್ತನಾಲ್ಕು ಮೆಟ್ಟಿಲು ಹತ್ತಿ, ಏದುಸಿರಲ್ಲಿ,
“ಎಲೆ ಹಾಕು ಯೋಲೆ, ಮೊಣಕಾಲಿನ ವಿಷಯ ಕೇಳಬೇಕು.”

ಮೊದಲು ಕಾಫಿ, ಆಮೇಲೆ ಎಲೆ.
ಅದು ನನ್ನ ಪದ್ಧತಿ.
ಅಮ್ಮನ ಬೆಳ್ಳಿ ಚಮಚ ಬಟ್ಟಲಲ್ಲಿ ಕಿಣಿಕಿಣಿ.

ನಾನು ಕಲೆಸುತ್ತೇನೆ, ಅವಳು ಕತ್ತರಿಸುತ್ತಾಳೆ, ನಾನು ಹರಡುತ್ತೇನೆ.
ಹರಡಿದಾಗಲೆಲ್ಲ ಬರುತ್ತಿದ್ದ ಅವನು:
ಹಳದಿ ಆಕಾಶ, ಬೆನ್ನ ಹಿಂದೆ ಡೇರೆಗಳು,
ತುದಿಗಾಲಲ್ಲಿ ಹೊರಟ ಆಸಾಮಿ,
ತೋಳ ತುಂಬ ಐದು ಕತ್ತಿ,
ಕತ್ತು ಮಾತ್ರ ಹಿಂದಕ್ಕೆ ತಿರುಚಿ
ನಗುತ್ತಿದ್ದಾನೋ, ನಡುಗುತ್ತಿದ್ದಾನೋ.
ನೆಲದಲ್ಲಿ ನೆಟ್ಟ ಇನ್ನೆರಡು
ಹಾಗೇ ಉಳಿದಿವೆ.

ಪುಸ್ತಕ ಹೇಳುವ ಅರ್ಥ: ಕಪಟ, ಕಳ್ಳಹೆಜ್ಜೆ, ಬೆನ್ನ ಹಿಂದಿನ ಕೆಲಸ.
ನನಗೆ ಎಲೆ ಕಲಿಸಿದ ಅಜ್ಜಿ ಪುಸ್ತಕ ಓದಿದವಳಲ್ಲ.
“ಮುಖ ಬಿಡು, ಮುಖ ಯಾರು ಬೇಕಾದರೂ ಮಾಡಿಕೊಳ್ಳುತ್ತಾರೆ.
ಕೈ ನೋಡು.
ಹಿಡಿಕೆ ಬಿಟ್ಟು ಅಲಗನ್ನೇ ಅಪ್ಪಿದ್ದಾನೆ ಬೆಪ್ಪ.
ಮೋಸದ ಮೊದಲ ಗಾಯ ಮಾಡಿದವನ ಅಂಗೈಗೆ;
ಆಮೇಲೆ ಉಳಿದವರ ಸರದಿ.”

ಆ ಎಲೆ ನೆರೀನಾಳ ಕಣ್ಣಿಗೆ ಒಮ್ಮೆಯೂ ಬೀಳಲಿಲ್ಲ
ಎಂದುಕೊಂಡಿದ್ದೆ.
ನನ್ನ ಬಲತೋಳಿನ ಮಡಿಕೆಯಲ್ಲಿ ಅದಕ್ಕೊಂದು ಬಿಡಾರ.
ಬೆರಳು ಸರಿದದ್ದು ಗಾಳಿಗೂ ಗೊತ್ತಾಗದಂಥ ಕಣ್ಕಟ್ಟು.

ಏಕೆಂದರೆ ಅವಳ ಗಂಡ ಔರೇಲಿಯೋ,
ಬಂದರಿನ ಉಗ್ರಾಣದಲ್ಲಿ ಕಾಫಿ ಚೀಲ ತೂಗುವವನು
(ತಕ್ಕಡಿಯ ಮುಳ್ಳಿಗೂ ಅವನಿಗೂ ಒಳಒಪ್ಪಂದ),
ಒಮ್ಮೆ ತನ್ನ ಭವಿಷ್ಯ ಕೇಳಲು ಬಂದಿದ್ದ.
ಈ ಎಲೆ ಬಿತ್ತು.
ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ
ಹೆಗಲು ಮುಟ್ಟಿ ನೋಡಿಕೊಂಡ.
ಅಂದಿನಿಂದ ತಿಂಗಳಿಗೊಂದು ಕಿಲೋ, ಕಂದು ಪೊಟ್ಟಣ,
ನನ್ನ ಬಾಗಿಲಲ್ಲಿ, ಕತ್ತಲಾದ ಮೇಲೆ.
ಬೇಡಿದ್ದು ಇಷ್ಟೇ:
ಅವಳೆದುರು ಇದು ಬೀಳದಿರಲಿ.

ಮೂರು ವರ್ಷ.
ಹಾಲು ಕುಡಿಯುವ ಬೆಕ್ಕಿನಂತೆ ಕಣ್ಣು ಮುಚ್ಚಿಕೊಂಡು
ಕಾಫಿ ಕುಡಿದೆವು, ಇಬ್ಬರೂ.

ಫೆಬ್ರವರಿಯ ಒಂದು ಗುರುವಾರ, ಕಿಟಕಿ ಗಡಗಡ,
ನೆರೀನಾ ಬಟ್ಟಲನ್ನು ಮೂಗಿಗೆ ಹಿಡಿದು ಕೂತಳು ಸುಮ್ಮನೆ.
ಆಮೇಲೆ, ಬಟ್ಟಲಿಗೇ ಹೇಳುವಂತೆ:
“ನಮ್ಮನೆಯಲ್ಲಿ ಬಾರ್ಲಿ ಹುರಿದ ಪುಡಿ, ಯೋಲೆ.
ಅವನ ಅಂಗಿ ಒಗೆಯುವಾಗ ಮಾತ್ರ
ಕೊರಳಪಟ್ಟಿಯಲ್ಲಿ ಈ ವಾಸನೆ.
ಮೊಣಕಾಲಿಗೇನು, ಅದು ನೋಯುತ್ತದೆ.
ನನ್ನ ಪಾಲು ಕುಡಿದು ಹೋಗಲು ಬರುತ್ತೇನೆ.”

ತೋಳಿನ ಮಡಿಕೆಯಲ್ಲಿ ಎಲೆ ಬೆವರಿತು.
ತೆಗೆದು ಮೇಜಿನ ಮೇಲಿಟ್ಟೆ.
ಅವಳು ನೋಡಲೂ ಇಲ್ಲ.
“ಇವನೇ? ಗೊತ್ತು, ಪ್ರತಿ ವಾರ
ನಿನ್ನ ತೋಳಿಗೆ ಹೋಗುತ್ತಾನಲ್ಲ.”

ನಕ್ಕೆವೋ ಏನೋ. ಗಾಳಿಯ ಸದ್ದೇ ಜಾಸ್ತಿಯಿತ್ತು.
ಶಾಲು ಹೊದ್ದು, ಕೈಚೀಲವನ್ನು ಎದೆಗವಚಿ
ಅವಳು ಇಳಿದಳು, ತಿರುವಿನಲ್ಲಿ ಒಮ್ಮೆ
ಕತ್ತು ಹೊರಳಿಸಿ ನೋಡಿ.

ಬಟ್ಟಲು ತೊಳೆದು ಚಮಚದ ಪೆಟ್ಟಿಗೆ ತೆರೆದೆ.
ಅಮ್ಮ ಕೊಟ್ಟದ್ದು ಏಳು.
ಮೂರು ವರ್ಷ ನಾನು ಎಣಿಸಿರಲಿಲ್ಲ;
ಎಣಿಸುವವರು ತಾವೂ ಲೆಕ್ಕ ಕೊಡಬೇಕಾಗುತ್ತದೆ.

ಮುಂದಿನ ಗುರುವಾರ
ಉಳಿದೆರಡನ್ನೂ ತಿಕ್ಕಿ ಹೊಳೆಯಿಸಿ
ಬಟ್ಟಲಿನ ಪಕ್ಕ ಇಟ್ಟೆ.
ಕೆಳಗೆ ಹಗ್ಗ ಜಗ್ಗಿದ ಸದ್ದು.