ಸೋಗಾನೆಯಿಂದ ಐವತ್ತೈದು ನಿಮಿಷ

ಈ ಟಿಕೇಟಿನಲ್ಲಿ ಸ್ಟೇಜೇ ಇಲ್ಲ.
ಇಲ್ಲಿ ಹತ್ತಿದರೆ ಗೋವಾ, ನಡುವೆ ಏನೂ ಇಲ್ಲ,
ಆಯನೂರಿಲ್ಲ, ಕುಂಸಿಯಿಲ್ಲ,
ಚೋರಡಿಯಲ್ಲಿ ಕೋಳಿಬುಟ್ಟಿ ಹಿಡಿದು
ಅರ್ಧ ಟಿಕೇಟಿಗೆ ಜಗಳ ಕಾಯುವ ಮುದುಕಿಯಿಲ್ಲ.
ಗೆರೆ ಎಳೆದ ಹಾಗೆ ಇನ್ನೂರೈವತ್ತು ಚಿಲ್ಲರೆ ಕಿಲೋಮೀಟರು,
ಅಂದಳು ಕೌಂಟರಿನ ಹುಡುಗಿ, ಐವತ್ತೈದು ನಿಮಿಷ ಅಂಕಲ್.
ಮನಸ್ಸಿನಲ್ಲೇ ಭಾಗಿಸಿದೆ. ಹಳೆ ಚಾಳಿ.

ನಮ್ಮ ದಾರಿ ಮುನ್ನೂರ ಇಪ್ಪತ್ತರ ಮೇಲೆ.
ಸಂಜೆ ಏಳಕ್ಕೆ ಸ್ಟ್ಯಾಂಡ್ ಬಿಟ್ಟರೆ
ಮಡಗಾಂವಿಗೆ ಬೆಳಗಿನ ಜಾವ ನಾಲ್ಕು,
ಅದೂ ಅಂಕೋಲೆಯಲ್ಲಿ ಇನಾಸ ಎರಡನೇ ಚಾ ಕೇಳದಿದ್ದರೆ.
ಕೇಳದ ರಾತ್ರಿ ಇಪ್ಪತ್ತೊಂದು ವರ್ಷದಲ್ಲಿ ಒಂದೂ ಇಲ್ಲ.
ನನ್ನ ಮುಖಕ್ಕಿಂತ ನನ್ನ ಸೀಟಿಯನ್ನೇ ಹೆಚ್ಚು ಬಲ್ಲವನು.
ನಾನೂ ಅಷ್ಟೆ, ಕುತ್ತಿಗೆ ನೋಡಿ ಹೇಳುತ್ತಿದ್ದೆ
ಇವತ್ತು ಮನೆಯಲ್ಲಿ ಮಾತು ಬಿಟ್ಟು ಬಂದಿದ್ದಾನೆ ಅಂತ.

ನಿನ್ನೆ ರಾತ್ರಿ ಒಂಬತ್ತಕ್ಕೆ ಅವನ ಮಗಳ ಫೋನು:
ನಾಳೆ ಮೂರಕ್ಕೆ ಮಣ್ಣು, ಹುಚ್ರಾಯಪ್ಪ ಮಾಮ, ಬರ್ತೀರಾ?
ರಾತ್ರಿ ಬಸ್ಸು ಅಷ್ಟರಲ್ಲಿ ಸಾಗರ ಮುಟ್ಟಿತ್ತು.

ಸೋಗಾನೆಯಲ್ಲಿ ಮೋಡ ನೆಲಕ್ಕೇ ಕೂತಿತ್ತು.
ಇಷ್ಟು ಮೀಟರು ಕಣ್ಣು ಕಾಣಲೇಬೇಕಂತೆ, ಆಮೇಲೇ ಹೊರಡುವುದು.
ಕಾಣದೆಯೂ ಇಳಿಸಿದವನೊಬ್ಬನನ್ನು ಬಲ್ಲೆ:
ಮಾವಿನಗುಂಡಿ ಘಾಟಿ, ವೈಪರು ಮುರಿದು,
ನಾನು ಬಾಗಿಲಿಗೆ ಜೋತುಬಿದ್ದು
ಎಡಕ್ಕಿದೆ, ಇನ್ನೂ ಇದೆ, ಇದೆ, ಅನ್ನುತ್ತ.
ಹೇಳಲಿಲ್ಲ. ಎರಡು ಗಂಟೆ ಕೂತೆ.

ಬೆಲ್ಲಿಲ್ಲ, ರೈಟ್ ಅನ್ನುವವರಿಲ್ಲ, ಹೊರಟೇಬಿಟ್ಟಿತು.
ಹಗ್ಗಕ್ಕೆಂದು ಮೇಲೆ ಹೋದ ಕೈಗೆ
ಗಾಳಿ ಊದುವ ಗುಬುಟು ಸಿಕ್ಕಿತು,
ಪಕ್ಕದವನು ಪಾಪ, ತಿರುಗಿಸಿಕೊಟ್ಟ.
ಕೆಳಗೆ ಹಿನ್ನೀರು, ಯಾರೋ ಚೆಲ್ಲಿ
ಒರೆಸದೆ ಬಿಟ್ಟುಹೋದ ಚಾದ ಹಾಗೆ.
ಅದು ಸಾಗರ ಊರಿರಬೇಕು ಅಂದುಕೊಳ್ಳುವಷ್ಟರಲ್ಲಿ
ನಿಜದ ಸಾಗರವೇ ಬಂತು.

ಇಗರ್ಜಿಯಲ್ಲಿ ಎಲ್ಲರೂ ಅತ್ತರು.
ಮಗಳು ಕೈ ಹಿಡಿದಳು. ಹಿಡಿ ಮಣ್ಣು ಹಾಕಿದೆ.
ಕಣ್ಣು ಒಣ ಒಣ, ನನಗೇ ನಾಚಿಕೆ.
ಎಷ್ಟು ಬೇಗ ಬಂದ್ರಿ, ಅಂದರು ಯಾರೋ ಹಿಂದಿನಿಂದ.
ಹೌದು, ಅಂದೆ.

ವಾಪಸು ಬಸ್ಸಿನಲ್ಲಿ.
ಪಾಸು ತೋರಿಸಲಿಲ್ಲ, ಪೂರಾ ದುಡ್ಡು ಕೊಟ್ಟು
ಡ್ರೈವರನ ಹಿಂದಿನ ಸೀಟು ಹಿಡಿದೆ.
ಕಂಡಕ್ಟರ್ ಹುಡುಗ ಚಿಲ್ಲರೆಯಿಲ್ಲದೆ
ಟಿಕೇಟಿನ ಬೆನ್ನಿಗೆ ಬರೆದ: ಬಾಕಿ ಹದಿನೆಂಟು.
ಕಾರವಾರ.
ಅಂಕೋಲೆಯಲ್ಲಿ ಎರಡು ಚಾ ಹೇಳಿ ಒಂದನ್ನು ಕುಡಿದೆ.
ಕುಮಟೆ, ಹೊನ್ನಾವರ, ನಿದ್ದೆ ಹೋದವರ ತಲೆಗಳು
ಒಂದೇ ಲಯಕ್ಕೆ ಹೌದು ಹೌದು ಅನ್ನುತ್ತಿದ್ದವು.
ಗೇರುಸೊಪ್ಪೆ ಕಳೆದು ಏರು ಶುರು,
ಇನಾಸ ಸೆಕೆಂಡಿಗೆ ಹಾಕಿ ಏಸುವನ್ನೋ ಎಂಜಿನ್ನನ್ನೋ
ಕೊಂಕಣಿಯಲ್ಲಿ ಬೈಯುತ್ತಿದ್ದ ಆ ತಿರುವಿನಲ್ಲಿ
ಬಂತು.
ಟವೆಲು ಬಾಯಿಗೆ ತುರುಕಿಕೊಂಡೆ.
ತಾಳಗುಪ್ಪದವರೆಗೂ ಬಂತು.
ಹುಡುಗ ಒಮ್ಮೆ ತಿರುಗಿ ನೋಡಿ
ಒಳಗಿನ ದೀಪ ಆರಿಸಿದ.

ಶಿವಮೊಗ್ಗದಲ್ಲಿ ಇಳಿದಾಗ ಇನ್ನೂ ಕತ್ತಲು.
ಮನೆಗೆ ಬಂದು ಜೇಬು ಖಾಲಿ ಮಾಡುವಾಗ
ಟಿಕೇಟು ಸಿಕ್ಕಿತು, ಬೆನ್ನ ಮೇಲೆ ಬಾಲ್‌ಪೆನ್ನಿನ ಹದಿನೆಂಟು.
ಕೇಳಲು ಮರೆತಿದ್ದೆ.